ಕತ್ತಲೆಯ ಸಿನಿಮಾ ಇದೆ, ಕತ್ತಲೆಯೇ ಸರಿಯಿಲ್ಲ

ಮೊದಲು ಹೊಗಳಿಬಿಡ್ತೀನಿ, ಆಮೇಲೆ ಬೈಯೋದು ಇದ್ದೇ ಇದೆ. ಕರಾಳ, ವಿಚಿತ್ರ, 'ಇದನ್ನೆಲ್ಲ ಯಾರು ನೋಡ್ತಾರೆ' ಅನ್ನಿಸುವ ಸಿನಿಮಾಗಳನ್ನೇ ಹುಡುಕಿ ತರುವ ಒಂದು ಸ್ಟ್ರೀಮಿಂಗ್ ಸೇವೆಗೆ ನಾನು ಹಳೇ ಚಂದಾದಾರ. ಏನೇನು ಸಿಗುತ್ತದೆ, ಯಾವುದರಲ್ಲಿ ಓಡುತ್ತದೆ ಅನ್ನೋದೆಲ್ಲ ಇಲ್ಲಿ ಬೇಡ, ಬಿಡಿ.

ಇಲ್ಲಿ ಸಿನಿಮಾ ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗಲ್ಲ. ಹೆಸರುಗಳ ಪಟ್ಟಿ ಕೊನೇವರೆಗೂ ಓಡುತ್ತದೆ. ಹಳೆಯ ಚಿತ್ರಗಳ ಚೌಕ ಫ್ರೇಮನ್ನು ಹಿಗ್ಗಿಸಿ ಟಿವಿ ತುಂಬಿಸುವ ಚಾಳಿಯೂ ಇಲ್ಲ. ಎರಡೂ ಪಕ್ಕ ಖಾಲಿ ಬಿಟ್ಟು ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತಾರೆ.

ನನ್ನದೊಂದು ಕ್ರಮ ಇದೆ. ಮನೆಯವರೆಲ್ಲ ಮಲಗಿದ ಮೇಲೆ ದೀಪ ಆರಿಸುತ್ತೇನೆ. ಟಿವಿ ಕೆಳಗೆ ಮಿನುಗುವ ಹಸಿರು ಚುಕ್ಕೆಗೆ ಕಪ್ಪು ಟೇಪ್ ಅಂಟಿಸಿಟ್ಟಿದ್ದೇನೆ. ಚಿತ್ರವನ್ನು ನುಣುಪು ಮಾಡುವ ಮೋಷನ್ ಸ್ಮೂಥಿಂಗ್ ಆಫ್, ಕಿವಿಗೆ ಹೆಡ್‌ಫೋನ್, ಮೊಬೈಲು ಪಕ್ಕದ ಕೋಣೆಯಲ್ಲಿ. ಮುಗಿದ ಮೇಲೆ ಗೆಳೆಯನಿಗೆ ಒಂದೇ ಸಾಲಿನ ಮೆಸೇಜು. ಬೆಳಗ್ಗೆ ಅವನಿಂದ ಮಾರುದ್ದದ ಉತ್ತರ. ಸಿನಿಮಾ ಹಿಡಿಸದಿದ್ದರೆ ಬೈಯುತ್ತಾನೆ, ಹಿಡಿಸಿದರೆ ನಾನು ಸರಿಯಾಗಿ ನೋಡಿಲ್ಲ ಅಂತ ನನ್ನನ್ನೇ ಬೈಯುತ್ತಾನೆ.

ಹಂಗೇರಿಯ ನಿರ್ದೇಶಕ ಬೇಲಾ ತಾರ್ 1994ರಲ್ಲಿ ಮಾಡಿದ 'ಸಾತಾನ್‌ಟ್ಯಾಂಗೊ' ಏಳು ಗಂಟೆಗೂ ಜಾಸ್ತಿ. 12 ಭಾಗಗಳಿವೆ, ನಾನು ಕಂತಿನಲ್ಲೇ ನೋಡಿದೆ. ನಿಲ್ಲಿಸಿದಲ್ಲಿಂದಲೇ ಶುರುವಾಗುತ್ತದಲ್ಲ, ಅದಕ್ಕೇ ತಾನೇ ದುಡ್ಡು ಕೊಡೋದು? 'ಕೂರೋಕೆ ಆಗದವನು ಅದನ್ನ ಮುಟ್ಟಲೇಬಾರದು ಕಣೋ' ಅಂತ ಗೆಳೆಯನ ವಾದ. ಆದರೆ ಹಸುಗಳು ಕೆಸರಲ್ಲಿ ಸುಮ್ನೆ ಅಡ್ಡಾಡುವ ಮೊದಲ ಶಾಟ್, ಸುಮಾರು 8 ನಿಮಿಷ ನಡುವೆ ಒಂದೂ ಕಟ್ ಇಲ್ಲದ್ದು, ಅದರ ವಿಷಯದಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಮಾತು.

ಜಗಳ ಶುರುವಾಗಿದ್ದು ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್‌ನ 'ಇರೇಸರ್‌ಹೆಡ್' ನೋಡಿದ ಮೇಲೆ. 1977ರ ಕಪ್ಪು-ಬಿಳುಪು ಚಿತ್ರ, ಅದರ ಜೀವ ಇರೋದೇ ಕಪ್ಪಿನಲ್ಲಿ. ನಾಯಕನ ಕೋಣೆಯ ಮೂಲೆ ಎಷ್ಟು ಭಯ ಹುಟ್ಟಿಸುತ್ತದೆ ಅಂತ ಗೆಳೆಯ ಬರೆದಿದ್ದ. ನನಗೆ ಮೂಲೆಯೇ ಕಂಡಿರಲಿಲ್ಲ! ಕಂಡದ್ದು ಗೋಡೆ ಮೇಲೆ ಹರಿದಾಡುವ ಬೂದು ಚೌಕಗಳು. ದೀಪದ ಸುತ್ತ ಬೆಳಕು ಮೆಲ್ಲಗೆ ಕರಗಬೇಕಿತ್ತು. ಅದರ ಬದಲು ನೀರಿಗೆ ಕಲ್ಲು ಹಾಕಿದಾಗ ಏಳುವ ಉಂಗುರಗಳ ಹಾಗೆ ಗೆರೆ ಗೆರೆ. ಅವನು ನೋಡಿದ್ದು ಡಿಸ್ಕಿನಲ್ಲಿ, ನಾನು ಇಲ್ಲಿ. ಇಬ್ಬರೂ ಬೇರೆ ಬೇರೆ ಸಿನಿಮಾ ನೋಡಿ ವಾದಕ್ಕೆ ಕೂತಿದ್ದೆವು.

ಕಾರಣ ಗುಟ್ಟೇನಲ್ಲ. 8-ಬಿಟ್ ವಿಡಿಯೊದಲ್ಲಿ ಪ್ರತಿ ಬಣ್ಣಕ್ಕೂ ಕತ್ತಲಿಂದ ಬೆಳಕಿನವರೆಗೆ ಹೆಚ್ಚೆಂದರೆ 256 ಹಂತ, ಅದರಲ್ಲಿ ತೀರಾ ಕಪ್ಪಿನ ಪಾಲಿಗೆ ಬರೋದು ಕೆಲವೇ. ಡೇಟಾ ಉಳಿಸಬೇಕಾದಾಗ ಮೊದಲ ಕತ್ತರಿ ಬೀಳೋದು ಹೆಚ್ಚಾಗಿ ಕತ್ತಲಿಗೇ, ಅಲ್ಲಿ ಯಾರು ನೋಡ್ತಾರೆ ಅನ್ನೋ ಲೆಕ್ಕ. ಫಿಲ್ಮಿನ ಕಾಳು, ಅಂದರೆ ಚಿತ್ರದ ತುಂಬ ಕಾಣುವ ಸಣ್ಣ ಚುಕ್ಕೆಗಳು, ಇನ್ನೊಂದು ತಲೆನೋವು. ಸೆಕೆಂಡಿಗೆ 24 ಫ್ರೇಮ್, ಪ್ರತಿ ಫ್ರೇಮಿನಲ್ಲೂ ಕಾಳಿನ ಜಾಗ ಬೇರೆ. ಅದನ್ನೆಲ್ಲ ಕಳಿಸೋದು ದುಬಾರಿ, ಹಾಗಾಗಿ ಒರೆಸಿಬಿಡುತ್ತಾರೆ. ಮುಖ ಪ್ಲಾಸ್ಟಿಕ್ ಆಗುತ್ತದೆ. ಹಾಸ್ಯ ಸಿನಿಮಾಕ್ಕೆ ಇದು ನಡೆದೀತು. ಆದರೆ ಇವರು ಇಡೀ ಅಂಗಡಿ ಇಟ್ಟಿರೋದೇ ಕತ್ತಲೆ ಮಾರೋಕೆ, ಅಲ್ವಾ?

ಸೇವೆಯವರಿಗೆ ದೂರು ಕೊಟ್ಟೆ. ಇಂಟರ್ನೆಟ್ ವೇಗ ನೋಡಿಕೊಳ್ಳಿ ಅಂದರು. ರೂಟರಿನಿಂದ ನೇರ ಕೇಬಲ್ ಎಳೆದೆ, ಟಿವಿ ಬದಲು ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಚೌಕಗಳು ಕದಲಲಿಲ್ಲ. ಆ ಚೌಕಗಳ ಫೋಟೊ ತೆಗೆದು ಕಳಿಸಿದ ಮೇಲೆ ಉತ್ತರವೇ ಬರಲಿಲ್ಲ.

ಬಿಟ್ಟುಬಿಡೋಕೂ ಮನಸ್ಸಿಲ್ಲ. ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಆಕೆರ್‌ಮಾನ್ 1975ರಲ್ಲಿ ಮಾಡಿದ 'ಜಾನ್ ಡೀಲ್‌ಮನ್' ಇಲ್ಲೇ ನೋಡಿದ್ದು. ಆಲೂಗಡ್ಡೆ ಸಿಪ್ಪೆ ತೆಗೆಯುವ ಹೆಂಗಸು, ದೀಪ ಹಾಕಿದ ಅಡುಗೆಮನೆ. ಒಂದು ಚೌಕವೂ ಕಾಣಲಿಲ್ಲ. ಹಾಗಾಗಿ ವರ್ಷದ ಚಂದಾ ಬಿಟ್ಟು ತಿಂಗಳ ಲೆಕ್ಕಕ್ಕೆ ಬಂದಿದ್ದೇನೆ. ಪಟ್ಟಿಯಲ್ಲಿ ಬೆಳಕಿನ ಸಿನಿಮಾ ಜಾಸ್ತಿ ಇದ್ದ ತಿಂಗಳು ಕಟ್ಟುತ್ತೇನೆ, ಇಲ್ಲದಿದ್ದರೆ ಇಲ್ಲ. ರಾತ್ರಿ, ನೆರಳು, ಮಂಜು ತುಂಬಿದ ಚಿತ್ರಕ್ಕೆ ಡಿಸ್ಕೇ ಗತಿ. ಅದು ದುಬಾರಿ, ಹಾಗಾಗಿ ಗೆಳೆಯನ ಕಪಾಟು.

ಇನ್ನೂ ಯಾವ ಸಿನಿಮಾ ಬೇಕು ಅಂತ ಮೊನ್ನೆ ಸೇವೆಯವರು ಕೇಳಿದ್ದರು. ಹೊಸದೇನೂ ಬೇಡ, ಇರೋದಕ್ಕೇ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾ, ಏರಿಸಿ ಅಂತ ಬರೆದು ಕಳಿಸಿದೆ. ಗೆಳೆಯನೂ ಒಂದು ಪಟ್ಟಿ ಕಳಿಸಿದ. ಮೂರು ಗಂಟೆಗಿಂತ ಚಿಕ್ಕದು ಒಂದೂ ಇಲ್ಲ ಅದರಲ್ಲಿ.