ಟೈಟಾನಿಯಂ ಪೆನ್ ಅಂತ ಜಿಂಕ್ ಕಳಿಸ್ತಿದ್ದಾರೆ, ದುಡ್ಡು ಹಾಕೋ ಮುಂಚೆ ಓದಿ

ಕಾಫಿ ಬೀಜದ ರಾಶಿ ಮೇಲೆ ಬೂದು ಬಣ್ಣದ ಲೋಹದ ಪೆನ್ ಇಟ್ಟು, ಆಮೇಲೆ ಅದನ್ನ ತಕ್ಕಡಿ ಮೇಲಿಟ್ಟು 40 ಗ್ರಾಂ ತೋರಿಸೋ ವಿಡಿಯೋ ನಿಮ್ಮ ಇನ್‌ಸ್ಟಾಗ್ರಾಂಗೂ ಬಂದಿರಬಹುದು. ಕೆಳಗೆ "ಗ್ರೇಡ್ 5 ಟೈಟಾನಿಯಂ, ಒಂದೇ ಸರಳಿನಿಂದ ಸಿಎನ್‌ಸಿಯಲ್ಲಿ ಕಡೆದದ್ದು, ಜೀವನಪೂರ್ತಿ ವಾರಂಟಿ" ಅಂತ ಬರೆದಿರ್ತಾರೆ. ಅಂದ್ರೆ ಗಟ್ಟಿ ಟೈಟಾನಿಯಂ ಮಿಶ್ರಲೋಹವನ್ನ ಕಂಪ್ಯೂಟರ್ ನಡೆಸೋ ಯಂತ್ರದಲ್ಲಿ ಕಡೆದು ಮಾಡಿದ್ದು ಅಂತ. ತಗೋಬೇಡಿ. 3,800 ರೂಪಾಯಿ ಕೊಟ್ಟ ನನಗೆ ಬಂದದ್ದು ಮೇಲೆ ಬಣ್ಣ ಕೂರಿಸಿದ ಜಿಂಕ್.

ನಾನು ಚಿಕ್ಕಮಗಳೂರು ಹತ್ರದ ಆಲ್ದೂರು ಕಡೆ ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋನು. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಗೊಬ್ಬರದ ಲೆಕ್ಕ, ಹಣ್ಣಿನ ತೂಕ, ಕೂಲಿ ಬಟವಾಡೆ, ಎಲ್ಲಾ ಜೇಬಿನ ಪೆನ್ನಲ್ಲೇ ಆಗಬೇಕು. ನಮ್ಮ ಮಳೆಗಾಲದಲ್ಲಿ ಹತ್ತು ರೂಪಾಯಿ ಪೆನ್ನಿನ ಕ್ಲಿಪ್ ಮುರಿದು ಚರಂಡಿ ಪಾಲಾಗೋದು ತೋಟದಲ್ಲಿರೋರಿಗೆ ಹೊಸದಲ್ಲ. ಹಿತ್ತಾಳೆ ಪೆನ್ ಬೆವರಿಗೆ ಕಪ್ಪಾಗುತ್ತೆ, ಕೈಯೆಲ್ಲಾ ವಾಸನೆ. ಟೈಟಾನಿಯಂ ಆದ್ರೆ ತುಕ್ಕಿಲ್ಲ, ವಾಸನೆ ಇಲ್ಲ, ಸ್ಟೀಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾರ, ಅಷ್ಟೇ. ಹಾಗಾಗಿ ಒಂದು ಒಳ್ಳೇದು ತಗೊಂಡು ವರ್ಷಗಟ್ಟಲೆ ಇಟ್ಕೊಳ್ಳೋಣ ಅಂತ ದುಡ್ಡು ಕೂಡಿಸಿದ್ದೆ.

ದುಡ್ಡು ಹಾಕೋ ಮುಂಚೆ ಆ ಪೇಜಿನೋರನ್ನ ವಾಟ್ಸಾಪಲ್ಲಿ ಬಿಡಿಸಿ ಬಿಡಿಸಿ ಕೇಳಿದ್ದೀನಿ. ಎಲ್ಲದರ ಸ್ಕ್ರೀನ್‌ಶಾಟ್ ನನ್ನ ಹತ್ರ ಇದೆ.

"ಪೂರ್ತಿ ಟೈಟಾನಿಯಂ ತಾನೆ? ಬರೀ ಮೇಲಿನ ಕೋಟಿಂಗ್ ಅಲ್ಲ ತಾನೆ?"

"100% ಸಾಲಿಡ್ ಸರ್, ನಮ್ಮದೇ ಫ್ಯಾಕ್ಟರಿ."

"ಯಾವ ರೀಫಿಲ್ ಹಿಡಿಯುತ್ತೆ?"

"ಎಲ್ಲಾ ರೀಫಿಲ್ಲೂ ಹಿಡಿಯುತ್ತೆ ಸರ್."

ಎಲ್ಲಾ ರೀಫಿಲ್ ಹಿಡಿಯೋ ಪೆನ್ ಯಾವುದೂ ಇಲ್ಲ. ಪಾರ್ಕರ್ ಮಾದರಿ ರೀಫಿಲ್ ಸುಮಾರು 98 ಮಿಲಿಮೀಟರ್ ಉದ್ದ, ಅದನ್ನ ಜಿ2 ಅಂತಾರೆ. ಪೈಲಟ್ ಕಂಪನಿಯ ಜಿ2 ಜೆಲ್ ರೀಫಿಲ್ ಬೇರೇನೇ, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಪೆನ್ ಕಡೆಯೋನಿಗೆ ತಾನು ಯಾವ ರೀಫಿಲ್‌ಗೆ ತೂತು ಹೊಡೆದೆ ಅನ್ನೋದು ಗೊತ್ತಿರ್ಲೇಬೇಕು. ಇವರಿಗೆ ಗೊತ್ತಿರ್ಲಿಲ್ಲ. ಇವರು ಕಡೆಯೋರೇ ಅಲ್ಲ.

ಪೆನ್ ಬಂತು. ಡಬ್ಬಿ ಮೇಲೆ ತಯಾರಕರ ಹೆಸರಿಲ್ಲ, ವಿಳಾಸ ಇಲ್ಲ, ಎಂಆರ್‌ಪಿ ಇಲ್ಲ. ಕೈಗೆ ತಗೊಂಡ್ರೆ ಭಾರ. ಬೆಳಗಿನ ಚಳಿಗೆ ಮುಟ್ಟಿದ್ರೆ ಮಂಜುಗಡ್ಡೆ. ಟೈಟಾನಿಯಂ ಕೈಯಿನ ಶಾಖವನ್ನ ಹಾಗೆ ಎಳ್ಕೊಳ್ಳಲ್ಲ, ಹಿತ್ತಾಳೆ, ಜಿಂಕ್, ಅಲ್ಯೂಮಿನಿಯಂ ಎಳ್ಕೊಳ್ಳುತ್ತೆ. ಆಫೀಸಿನ ತಕ್ಕಡೀಲಿ ಇಟ್ಟೆ, 61 ಗ್ರಾಂ. ಫೋಟೋ ಕಳಿಸಿದೆ. ಉತ್ತರ ಬಂತು: "ಭಾರ ಇದ್ರೇನೇ ಪ್ರೀಮಿಯಂ ಸರ್." ವಿಡಿಯೋದಲ್ಲಿ 40 ತೋರಿಸ್ತೀರಲ್ಲ ಅಂದೆ. "ಬ್ಯಾಚ್ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ ಸರ್." 21 ಗ್ರಾಂ ಸ್ವಲ್ಪವಂತೆ! ವಾಪಸ್ ತಗೊಳ್ಳಿ ಅಂದ್ರೆ, "ಒಂದು ವಾರ ಬಳಸಿ ನೋಡಿ ಸರ್, ಇಷ್ಟ ಆಗುತ್ತೆ." ಆ ವಾರ ಕಳೆಯೋಷ್ಟರಲ್ಲಿ ಅವರ ವಾಪಸಾತಿ ಗಡುವೂ ಕಳೀತು. ಬೇಕಂತಲೇ ಹಾಗೆ ಹೇಳಿದ್ದು. ಬೇಕಂತಲೇ.

ಬಟವಾಡೆ ದಿನ ಸಾಲಲ್ಲಿ ಆಳುಗಳು ನಿಂತಿದ್ರು. ಸಹಿ ಹಾಕೋಕೆ ಒಬ್ರ ಕೈಗೆ ಪೆನ್ ಕೊಟ್ಟೆ. ಅವರು ಒತ್ತಿ ಬರೆದ ತಕ್ಷಣ ಮೊನೆ ಒಳಗೆ ಹೋಯ್ತು, ಬಿಗಿ ಮಾಡೋಣ ಅಂತ ತಿರುಗಿಸಿದ್ರೆ ಥ್ರೆಡ್ (ತಿರುಪಿನ ಗೆರೆ) ಕಿತ್ಕೊಂಡು ಮುಂದಿನ ತುಂಡೇ ಕೈಗೆ ಬಂತು. ಸ್ಪ್ರಿಂಗ್ ಎಲ್ಲಿ ಹಾರ್ತೋ. "ರೈಟ್ರೆ, ನಾನೇನೂ ಮಾಡ್ಲಿಲ್ಲ" ಅಂತ ಆ ಹೆಂಗಸು ಹೆದರಿದ್ದು ನೋಡಿ ನನಗೆ ಮುಖ ಎತ್ತೋಕಾಗ್ಲಿಲ್ಲ. ಅವರ ಒಂದು ವಾರದ ಕೂಲಿಗಿಂತ ಜಾಸ್ತಿ ಬೆಲೆಯ ಪೆನ್ನು ಅದು.

ಆಮೇಲೆ ಚಿಕ್ಕಮಗಳೂರಿಗೆ ಹೋದಾಗ, ನಮ್ಮ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ಶಾಫ್ಟ್ ಕಡೆದುಕೊಡೋ ಲೇತ್ ಅಂಗಡಿಗೆ ತಗೊಂಡು ಹೋದೆ. ಅವರು ಕೈಯಲ್ಲಿ ಒಂದ್ಸಲ ತಿರುಗಿಸಿದ್ರು ಅಷ್ಟೇ. "ರೈಟ್ರೆ, ಇದು ಲೇತ್ ಮುಖಾನೇ ನೋಡಿಲ್ಲ." ಪಕ್ಕದಲ್ಲಿ ಉದ್ದಕ್ಕೆ ಸಣ್ಣ ಗೆರೆ ಇತ್ತು, ಅಚ್ಚಿನ ಎರಡು ಹೋಳು ಸೇರೋ ಗೆರೆ. ಹಿಡಿಕೆಯ ನರ್ಲಿಂಗ್, ಅಂದ್ರೆ ಜಾರದ ಹಾಗೆ ಕೊರೆದ ಗೀರು, ಕೈಗೆ ಕಚ್ಚಬೇಕು, ಇದು ಅರ್ಧ ಸವೆದ ಸೋಪಿನ ಮೇಲಿನ ಅಕ್ಷರದ ಹಾಗೆ ಮೊಂಡು. ಕ್ಲಿಪ್ ತೆಗೆದು ಅದರ ಅಡಿಯಲ್ಲಿ ಅರ ಹಾಕಿದ್ರು. ಬೂದು ಬಣ್ಣ ಎರಡೇ ಎಳೆತಕ್ಕೆ ಹೋಗಿ ಬೆಳ್ಳಗಿನ ಮೆತ್ತನೆ ಲೋಹ ಬಂತು, ಅರದ ಹಲ್ಲಿಗೆಲ್ಲಾ ಮೆತ್ತಿಕೊಂಡ್ತು. ಗ್ರೈಂಡರಿಗೆ ಸ್ವಲ್ಪ ಮುಟ್ಟಿಸಿದ್ರು, ಒಂದು ಕಿಡಿ ಇಲ್ಲ. "ಟೈಟಾನಿಯಂ ಆಗಿದ್ರೆ ಕಣ್ಣು ಕುಕ್ಕೋ ಹಾಗೆ ಬಿಳಿ ಕಿಡಿ ಹಾರ್ಬೇಕಿತ್ತು" ಅಂದ್ರು. ಟೈಟಾನಿಯಂ ಕಡೆಯೋಕೆ ಹೋದ್ರೆ ಶಾಖ ಎಲ್ಲಾ ಟೂಲಿನ ಮೊನೆಯಲ್ಲೇ ನಿಲ್ಲುತ್ತಂತೆ, ನಿಧಾನಕ್ಕೆ ಓಡಿಸ್ಬೇಕು, ಟೂಲ್ ಬೇಗ ಹೋಗುತ್ತೆ, ಅದಕ್ಕೇ ಆ ರೇಟು. ಅಚ್ಚಿಗೆ ಜಿಂಕ್ ಸುರಿಯೋಕೆ ಏನು ಕಷ್ಟ?

ಅರ ಹಾಕಿದ ವಿಡಿಯೋ ಕಳಿಸಿದೆ. ಇಲ್ಲೇ ನೋಡಿ ನನಗೆ ಮೈ ಉರಿದದ್ದು. ಅಲ್ಲೀವರೆಗೆ ಸರ್ ಸರ್ ಅಂತಿದ್ದೋರು ಬರೆದದ್ದು: "ಪೆನ್ ನೀವೇ ಹಾಳು ಮಾಡಿದ್ದೀರಿ. ವಾರಂಟಿ ಮುಗೀತು." ಲೋಹ ಯಾವುದು ಅಂತ ಹೇಳಿ ಅಂದೆ. "ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಲ್ಲ. ಅದೇ ಪ್ರೂಫ್." ಮ್ಯಾಗ್ನೆಟ್ ಜಿಂಕಿಗೂ ಅಂಟಲ್ಲ, ಹಿತ್ತಾಳೆಗೂ ಅಂಟಲ್ಲ, ಅಲ್ಯೂಮಿನಿಯಂಗೂ ಅಂಟಲ್ಲ! ಹಾಗಂತ ಬರೆದೆ. "ನಿಮಗೆ ಲೋಹದ ಬಗ್ಗೆ ತಿಳುವಳಿಕೆ ಇಲ್ಲ." ಅದಾದ ಮೇಲೆ ಬ್ಲಾಕ್. ಅರ ಹಾಕಿ ನೋಡದಿದ್ರೆ ಪುರಾವೆ ಇಲ್ಲ ಅಂತಾರೆ, ಅರ ಹಾಕಿದ್ರೆ ವಾರಂಟಿ ಇಲ್ಲ ಅಂತಾರೆ. ಇದೇ ಇವರ ದಂಧೆ.

ಹಾಗಾಗಿ ಅರ ಮುಟ್ಟಿಸೋ ಮೊದಲು ನೀರಲ್ಲಿ ನೋಡಿ, ಪೆನ್ನಿಗೆ ಗೀರೂ ಬೀಳಲ್ಲ. ರೀಫಿಲ್, ಸ್ಪ್ರಿಂಗ್, ಕ್ಲಿಪ್ ತೆಗೆದು ಖಾಲಿ ಕೊಳವೆ ತೂಕ ಮಾಡಿ. ಆಮೇಲೆ ಗ್ರಾಂನ ಹತ್ತನೇ ಭಾಗ ತೋರಿಸೋ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಕೊಳವೆಯನ್ನ ದಾರದಲ್ಲಿ ಕಟ್ಟಿ ತಳ ತಾಗದ ಹಾಗೆ ಪೂರ್ತಿ ಮುಳುಗಿಸಿ. ಒಳಗಿನ ಗಾಳಿ ಹೋಗೋವರೆಗೆ ಅಲ್ಲಾಡಿಸಿ. ತಕ್ಕಡಿ ಎಷ್ಟು ತೋರಿಸುತ್ತೋ ಅದರಿಂದ ಮೊದಲಿನ ತೂಕ ಭಾಗಿಸಿ. ಬರೋದೇ ಸಾಂದ್ರತೆ, ಅಂದ್ರೆ ಅಷ್ಟೇ ಜಾಗ ಹಿಡಿಯೋ ನೀರಿಗಿಂತ ಆ ಲೋಹ ಎಷ್ಟು ಪಟ್ಟು ಭಾರ ಅನ್ನೋದು. ಟೈಟಾನಿಯಂ ಆದ್ರೆ ನಾಲ್ಕೂವರೆ ಆಸುಪಾಸು, ಅಲ್ಯೂಮಿನಿಯಂ 2.7, ಸ್ಟೀಲ್ ಎಂಟರ ಹತ್ರ, ಹಿತ್ತಾಳೆ ಎಂಟೂವರೆ. ನನ್ನ ಕೊಳವೆ 52 ಗ್ರಾಂ, ನೀರಲ್ಲಿ ತೋರಿಸಿದ್ದು 7.8. ಭಾಗಿಸಿದ್ರೆ 6.7 ಹತ್ರ. ಅಚ್ಚಿಗೆ ಸುರಿಯೋ ಜಿಂಕ್ ಮಿಶ್ರಣ ಸರಿಯಾಗಿ ಅಲ್ಲೇ ಬರುತ್ತೆ. ಡಬ್ಬಿ ಬಿಚ್ಚೋದರಿಂದ ಹಿಡಿದು ಎಲ್ಲಾ ವಿಡಿಯೋ ಮಾಡಿಕೊಳ್ಳಿ. ಪೆನ್ ಮೊನೆ ಹಿಡಿದು ಅಲ್ಲಾಡಿಸಿ ಟಿಕ್ ಟಿಕ್ ಅಂದ್ರೆ ತೂತು ಸಡಿಲ, ಥ್ರೆಡ್ ತಿರುಗಿಸುವಾಗ ಮರಳು ಸಿಕ್ಕ ಹಾಗೆ ಕರಕರ ಅಂದ್ರೆ ಅವತ್ತೇ ವಾಪಸ್ ಕಳಿಸಿ. "ಬಳಸಿ ನೋಡಿ" ಅಂತಾರೆ, ಕೇಳಬೇಡಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಗ್ರಾಹಕ ದೂರು ಕೊಟ್ಟಿದ್ದೀನಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಮಾಲನ್ನ ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಇದು ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ. ಐದು ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ನಾವಿರೋ ಜಿಲ್ಲೆಯಲ್ಲೇ ಹಾಕಬಹುದು. 3,800 ರೂಪಾಯಿಗೆ ಯಾಕಪ್ಪಾ ಓಡಾಡ್ತೀಯಾ ಅಂತ ಮನೇಲೂ ಕೇಳ್ತಾರೆ. ಇಷ್ಟು ಸಣ್ಣ ಮೊತ್ತ ಕಳ್ಕೊಂಡೋರು ಯಾರೂ ಓಡಾಡಲ್ಲ ಅನ್ನೋ ಧೈರ್ಯದಲ್ಲೇ ಇವರು ಬದುಕ್ತಿರೋದು.

ಈಗ ಪೇಜಿನ ಹೆಸರು ಬದಲಾಗಿದೆ, ವಿಡಿಯೋ ಅದೇ, ರೇಟು 2,999ಕ್ಕೆ ಇಳಿದಿದೆ. ನಿಮಗೆ ಕಂಡ್ರೆ ದುಡ್ಡು ಹಾಕೋ ಮುಂಚೆ ಒಂದು ವಿಡಿಯೋ ಕಾಲ್ ಮಾಡಿ, ನಿಮಗೆ ಕಳಿಸೋ ಪೆನ್ನನ್ನ ಕಣ್ಣೆದುರೇ ತಕ್ಕಡಿ ಮೇಲೆ ಇಡೋಕೆ ಹೇಳಿ. ಈಗಾಗಲೇ ತಗೊಂಡೋರು ಇದ್ರೆ ತೂಕದ ಫೋಟೋ ನನಗೆ ಕಳಿಸಿ, ದೂರಿನ ಜೊತೆ ಸೇರಿಸ್ತೀನಿ.