ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ: ಬಿಡುಗಡೆಯೋ, ವರ್ಗಾವಣೆಯೋ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹೈಸ್ಕೂಲ್ ಆಟಗಾರನ ಬಾಯಿಮಾತಿನ ಒಪ್ಪಿಗೆಗೆ ಕಟ್ಟುಪಾಡಿಲ್ಲ. ತೊಡಕು ಶುರುವಾಗುವುದು ಡಿಸೆಂಬರ್‌ನಲ್ಲಿ ಕಾಲೇಜಿನೊಂದಿಗಿನ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ. ಆಗ ಮನಸ್ಸು ಬದಲಾದರೆ, ತರಗತಿಗೆ ಸೇರುವ ಮೊದಲೇ ಕಾಲೇಜಿನಿಂದ ಬಿಡುಗಡೆ ಕೇಳಬಹುದು, ಇಲ್ಲವೇ ಸೇರಿಕೊಂಡು, ಕಾಲೇಜು ಬದಲಿಸಬಯಸುವ ಆಟಗಾರರ ಹೆಸರು ದಾಖಲಾಗುವ ಆನ್‌ಲೈನ್ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಹೊರಡಬಹುದು.

ಬಿಡುಗಡೆಯ ದಾರಿಯಲ್ಲಿ ನಿರ್ಧಾರ ಕಾಲೇಜಿನ ಕೈಯಲ್ಲಿರುತ್ತದೆ. ಆಟಗಾರನನ್ನು ಒಂದು ಕಾಲೇಜಿಗೆ ಕಟ್ಟಿಹಾಕುತ್ತಿದ್ದ, 1964ರಿಂದ ಜಾರಿಯಲ್ಲಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಒಪ್ಪಿಗೆ ಪತ್ರ 2024ರ ಅಕ್ಟೋಬರ್‌ನಲ್ಲಿ ರದ್ದಾಯಿತಾದರೂ, ಅದರ ಜಾಗಕ್ಕೆ ಬಂದ ಆರ್ಥಿಕ ನೆರವಿನ ಒಪ್ಪಂದಕ್ಕೆ ಸಹಿ ಹಾಕಿದವನನ್ನು ಇತರ ಕಾಲೇಜುಗಳು ಸೆಳೆಯುವಂತಿಲ್ಲ. ಮುಖ್ಯ ತರಬೇತುದಾರನೇ ಹೊರಟುಹೋದ ಸಂದರ್ಭದಲ್ಲಿ ಮಾತ್ರ ಕಾಲೇಜುಗಳು ಸಾಮಾನ್ಯವಾಗಿ ಹಟ ಹಿಡಿಯುವುದಿಲ್ಲ. ಒಲ್ಲದವನನ್ನು ಇಟ್ಟುಕೊಂಡು ಯಾರಿಗೇನು ಲಾಭ?

ಪೋರ್ಟಲ್‌ಗೆ ಯಾರ ಅಪ್ಪಣೆಯೂ ಬೇಡ. 2024ರ ಜನವರಿ 10ರಂದು ಅಲಬಾಮಾ ವಿಶ್ವವಿದ್ಯಾಲಯ ತಂಡದ ಮುಖ್ಯ ತರಬೇತುದಾರ ನಿಕ್ ಸೇಬನ್ ನಿವೃತ್ತಿ ಘೋಷಿಸಿದಾಗ, ಆಗಷ್ಟೇ ಅಲ್ಲಿಗೆ ಸೇರಿದ್ದ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ಮುನ್ನಡೆಸುವ ಆಟಗಾರ) ಜೂಲಿಯನ್ ಸೇಯಿನ್ ಆ ತಂಡಕ್ಕಾಗಿ ಒಂದು ಪಂದ್ಯವನ್ನೂ ಆಡದೆ ಅದೇ ತಿಂಗಳು ಒಹಾಯೊ ಸ್ಟೇಟ್‌ಗೆ ಹೋದರು. 2025ರಲ್ಲಿ ಅಲ್ಲಿನ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಆದರು. 2024ರ ಏಪ್ರಿಲ್‌ನಲ್ಲಿ ಬದಲಾದ ನಿಯಮದಂತೆ, ಓದಿನ ಅರ್ಹತೆ ಉಳಿಸಿಕೊಂಡವನು ಎಷ್ಟು ಸಲ ಕಾಲೇಜು ಬದಲಿಸಿದರೂ ಒಂದು ವರ್ಷ ಹೊರಗೆ ಕೂರಬೇಕಾಗಿಲ್ಲ. ಆದರೆ ಪೋರ್ಟಲ್ ವರ್ಷವಿಡೀ ತೆರೆದಿರುವುದಿಲ್ಲ.

ತರಬೇತುದಾರ ಹೋಗಿದ್ದು, ಇನ್ನೂ ತರಗತಿಗೆ ಸೇರದಿದ್ದರೆ ಬಿಡುಗಡೆ ಕೇಳುವುದೇ ಲೇಸೆಂದು ನನ್ನ ಅಭಿಪ್ರಾಯ. ಬರೀ ಆಡುವ ಅವಕಾಶದ ಬಗ್ಗೆ ಅನುಮಾನವಿದ್ದರೆ ಒಂದು ಋತು ಇದ್ದು ನೋಡಬಹುದು. ಎರಡರಲ್ಲೂ, 2025ರ ಜುಲೈನಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡುತ್ತಿರುವುದರಿಂದ, ಮಧ್ಯದಲ್ಲಿ ಬಿಟ್ಟರೆ ಹಣ ಮರಳಿಸಬೇಕೆಂಬ ಷರತ್ತು ಕರಾರಿನಲ್ಲಿದೆಯೇ ಎಂದು ವಕೀಲರಿಂದ ಮೊದಲೇ ಓದಿಸಿಕೊಳ್ಳಬೇಕು.