ತಾನಾಗಿ ಬರುವ ಕೂದಲಿಗೆ ನಾನು ಕೊಟ್ಟದ್ದು 46 ಸಾವಿರ

ಮೊದಲೇ ಹೇಳಿಬಿಡುತ್ತೇನೆ, ಕೂದಲು ಉದುರುತ್ತದೆ ಎಂದು ನಾನು ಹೋದ ಕ್ಲಿನಿಕ್‌ನ ಹೆಸರು ಬರೆಯುವುದಿಲ್ಲ, ಕೇಳಬೇಡಿ. ದೂರು ಕೊಟ್ಟಿದ್ದೇನೆ, ಅದು ಮುಗಿಯುವ ತನಕ ಹೆಸರು ಎತ್ತಬೇಡ ಎಂದು ಮನೆಯವರ ಆರ್ಡರ್. ಮಂಗಳೂರಿನಲ್ಲಿ ಇಂಥದ್ದು ಒಂದೇ ಏನಲ್ಲ ಬಿಡಿ. ಆದರೆ ಸುಮ್ಮನಿರಲಿಕ್ಕೂ ಆಗುತ್ತಿಲ್ಲ. ಯಾಕೆಂದರೆ ಅದೇ ಕ್ಲಿನಿಕ್‌ಗೆ ಐದು ಸ್ಟಾರ್ ಕೊಟ್ಟು, ಹೊಗಳಿ ಹೊಗಳಿ ಉದ್ದಕ್ಕೆ ಬರೆದವಳೂ ನಾನೇ.

ಕಳೆದ ಜುಲೈಯಲ್ಲಿ ನನಗೆ ಡೆಂಗ್ಯೂ ಬಂದಿತ್ತು. ಮಳೆಗಾಲದಲ್ಲಿ ನಮ್ಮೂರಿಗೆ ಅದು ಹೊಸತಲ್ಲ ಅಲ್ವಾ. ನಾಲ್ಕು ದಿನ ಅಡ್ಮಿಟ್, ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿದದ್ದು, ಅತ್ತೆ ಮೂಗು ಹಿಡಿದು ಪಪ್ಪಾಯಿ ಎಲೆ ರಸ ಕುಡಿಸಿದ್ದು, ಬೊಂಡ ಕುಡಿದೂ ಕುಡಿದೂ ಬೇಜಾರಾದದ್ದು, ಎಲ್ಲ ಆಯಿತು. ಆಗಸ್ಟ್‌ನಲ್ಲಿ ಕೆಲಸಕ್ಕೆ ಹೋದೆ. ಜ್ವರದ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅಕ್ಟೋಬರ್ ಮೊದಲ ವಾರದಿಂದ ಕೂದಲು ಉದುರಲು ಶುರುವಾಯಿತು. ಮಿಂದರೆ ಬಚ್ಚಲಿನ ಜಾಲರಿ ಮೇಲೆ ಮುದ್ದೆ, ಬಾಚಿದರೆ ಬಾಚಣಿಗೆ ತುಂಬ, ದಿಂಬಿನ ಮೇಲೆ, ಚೂಡಿದಾರದ ಬೆನ್ನಲ್ಲಿ, ಒಮ್ಮೆ ಗಂಡನ ಗಂಜಿ ಬಟ್ಟಲಲ್ಲೂ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ, ಅದು ಗೊತ್ತಿತ್ತು. ಒಂದು ಭಾನುವಾರ ಕೂತು ಎಣಿಸಿದೆ, 200 ದಾಟಿದ ಮೇಲೆ ಕಣ್ಣೀರು ಬಂದು ಬಿಟ್ಟುಬಿಟ್ಟೆ. ಅಮ್ಮ ಬೋರ್‌ವೆಲ್ ನೀರಿಗೆ ಬೈದರು, ಪಕ್ಕದ ಮನೆಯವರು ಶಾಂಪೂಗೆ ಬೈದರು. ಡಿಸೆಂಬರ್‌ನಲ್ಲಿ ಉಡುಪಿಯಲ್ಲಿ ತಮ್ಮನ ಮದುವೆ ಬೇರೆ. ಶಂಕರಪುರ ಮಲ್ಲಿಗೆ ಒಂದು ಚೆಂಡು ಮುಡಿದರೆ ನಿಲ್ಲುವಷ್ಟೂ ಜಡೆ ಇರಲಿಲ್ಲ.

ಸರಿಯಾಗಿ ಆ ಹೊತ್ತಿಗೇ ಫೋನಿನಲ್ಲಿ ಜಾಹೀರಾತು. ಉಚಿತ ಸ್ಕಾಲ್ಪ್ ಟೆಸ್ಟ್. ಹೋದೆ.

ತಣ್ಣನೆ ಎಸಿ, ಬಿಳಿ ಕೋಟು ಹಾಕಿದ ಹುಡುಗಿ. ಕೋಟು ನೋಡಿ ಡಾಕ್ಟರ್ ಅಂದುಕೊಂಡದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಪೆನ್ನಿನಂಥ ಕ್ಯಾಮೆರಾವನ್ನು ಮಂಡೆಗೆ ಹಿಡಿದಳು, ಎದುರಿನ ದೊಡ್ಡ ಟಿವಿಯಲ್ಲಿ ನನ್ನ ತಲೆ ಕೊಯ್ಲು ಮುಗಿದ ಗದ್ದೆಯ ಹಾಗೆ ಕಂಡಿತು. ಪಕ್ಕದಲ್ಲಿ ಇನ್ಯಾರದೋ ದಟ್ಟ ಕೂದಲಿನ ಚಿತ್ರ. "ನೋಡಿ ಮೇಡಂ, ಬೇರು ಸಾಯ್ತಾ ಉಂಟು. ಗ್ರೇಡ್ 3. ಇನ್ನು ಆರು ತಿಂಗಳು ಬಿಟ್ರೆ ನಾವೂ ಏನೂ ಮಾಡ್ಲಿಕ್ಕೆ ಆಗುದಿಲ್ಲ."

ಜ್ವರ ಬಂದಿತ್ತಾ ಎಂದು ಕೇಳಲಿಲ್ಲ. ಮುಟ್ಟು ಸರಿ ಉಂಟಾ, ಥೈರಾಯ್ಡ್ ಉಂಟಾ, ಯಾವ ಮಾತ್ರೆ ತಗೊಳ್ತೀರಿ, ಒಂದನ್ನೂ ಕೇಳಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ ಎನ್ನಲೂ ಇಲ್ಲ. ಕೇಳಿದ್ದು ಒಂದೇ, ನಿಮ್ಮ ಸ್ಯಾಲರಿ ಅಕೌಂಟ್ ಯಾವ ಬ್ಯಾಂಕ್‌ನಲ್ಲಿ ಅಂತ. ಇಎಂಐ ಮಾಡಲಿಕ್ಕೆ!

ಆರು ಸಿಟ್ಟಿಂಗ್ ಪಿಆರ್‌ಪಿ, ಒಂದು ಸೀರಮ್, ದಿನಕ್ಕೊಂದು ಬಯೋಟಿನ್ ಎಂಬ ವಿಟಮಿನ್ ಕ್ಯಾಪ್ಸೂಲ್, ಎಲ್ಲ ಸೇರಿ 46 ಸಾವಿರ. ಪಿಆರ್‌ಪಿ ಅಂದರೆ ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಹಳದಿ ನೀರನ್ನು ಸೂಜಿಯಲ್ಲಿ ತಲೆಗೇ ಚುಚ್ಚುವುದು. ನೋವು ಕೇಳಬೇಡಿ. ಆ ದಿನ ಬಸ್ಸಿನಲ್ಲಿ ಬರುವಾಗ ರಸ್ತೆಯ ಪ್ರತಿ ಹಂಪ್‌ಗೂ ಜೀವ ಹೋದ ಹಾಗಾಗುತ್ತಿತ್ತು.

ಫೆಬ್ರವರಿಯಲ್ಲಿ ಹಣೆಯ ಅಂಚಿಗೆ ಮುಳ್ಳುಹಂದಿಯ ಹಾಗೆ ಚಿಕ್ಕ ಚಿಕ್ಕ ಕೂದಲು ಎದ್ದು ನಿಂತಿತು. ಉದುರುವುದೂ ನಿಂತಿತ್ತು. ನನ್ನ ಖುಷಿ ನೋಡಬೇಕಿತ್ತು ನೀವು. ಅವರು ಫೋಟೋ ತೆಗೆದುಕೊಂಡರು, ನಾನು ನಗುತ್ತಾ ತೆಗೆಸಿಕೊಂಡೆ. ಐದು ಸ್ಟಾರ್ ಕೊಟ್ಟೆ. ಸಾಲದ್ದಕ್ಕೆ ಆಫೀಸಿನ ಗೆಳತಿಗೂ ಹೇಳಿದೆ, ಅವಳು ತನ್ನ ಅಕ್ಕನನ್ನೂ ಕರೆದುಕೊಂಡು ಹೋದಳು.

ಇಬ್ಬರಿಗೂ ಗ್ರೇಡ್ 3. ಇಬ್ಬರಿಗೂ 46 ಸಾವಿರ. ಆಗಲಾದರೂ ನನ್ನ ಮಂಡೆಗೆ ಹೊಳೆಯಬೇಕಿತ್ತು.

ಗೆಳತಿಗೆ ನಾಲ್ಕು ತಿಂಗಳಾದರೂ ಏನೂ ಆಗಲಿಲ್ಲ. ಅವಳದ್ದು ನನ್ನ ಹಾಗೆ ಒಮ್ಮೆಲೇ ಉದುರಿದ್ದಲ್ಲ, ಎರಡು ವರ್ಷದಿಂದ ಬೈತಲೆ ನಿಧಾನಕ್ಕೆ ಅಗಲವಾಗುತ್ತಿತ್ತು. ಕೊನೆಗೆ ಒಬ್ಬ ಚರ್ಮರೋಗ ತಜ್ಞೆಯ ಹತ್ತಿರ ಹೋದಳು, ಎಂ.ಡಿ. ಮಾಡಿದವರು. ಜೊತೆಗೆ ನಾನೂ ಹೋದೆ.

ಅವರು ಮೊದಲ ಹತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ಆಮೇಲೆ 50-60 ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲ ಎಳೆದು, ಕೈಗೆ ಎಷ್ಟು ಬಂತು ಎಂದು ನೋಡಿದರು. ಅವರ ಹತ್ತಿರವೂ ಮಸೂರದ ಯಂತ್ರ ಇತ್ತು, ಆದರೆ ಬೈತಲೆಯನ್ನೂ ನೋಡಿದರು, ಹಿಂದಲೆಯನ್ನೂ ನೋಡಿದರು, ಎರಡನ್ನೂ ಹೋಲಿಸಿದರು. ಬೈತಲೆ ಹತ್ತಿರ ದಪ್ಪ ಕೂದಲಿನ ನಡುವೆ ಸಪೂರ ಕೂದಲು ಬೆರೆತಿತ್ತಂತೆ. ಹೆಂಗಸರಲ್ಲಿ ಬರುವ ಪ್ಯಾಟರ್ನ್ ಹೇರ್ ಲಾಸ್ ಇದು, ಮಿನಾಕ್ಸಿಡಿಲ್ ಎಂಬ ಔಷಧ ತಲೆಗೆ ಹಚ್ಚಬೇಕು, ಮೊದಲ ಕೆಲವು ವಾರ ಉದುರುವುದು ಜಾಸ್ತಿ ಕಂಡರೂ ಹೆದರಬೇಡಿ, ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ ಎಂದರು. ಹಿಮೋಗ್ಲೋಬಿನ್, ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತಿಳಿಸುವ ಫೆರಿಟಿನ್, ಥೈರಾಯ್ಡ್‌ನ ಟಿಎಸ್‌ಎಚ್, ಈ ರಕ್ತ ಪರೀಕ್ಷೆಗಳನ್ನು ಬರೆದುಕೊಟ್ಟರು. ಆ ಕ್ಯಾಪ್ಸೂಲ್ ನೋಡಿ ಮುಖ ಸಿಂಡರಿಸಿದರು. ಬಯೋಟಿನ್ ಕೊರತೆ ಇರುವವರೇ ಕಡಿಮೆ, ಅದನ್ನು ಜಾಸ್ತಿ ತಿಂದರೆ ಥೈರಾಯ್ಡ್ ರಿಪೋರ್ಟೇ ತಪ್ಪು ಬರಬಹುದು, ಮೊದಲು ನಿಲ್ಲಿಸಿ, ಕೆಲವು ದಿನ ಬಿಟ್ಟು ರಕ್ತ ಕೊಡಿ ಎಂದರು.

ಸುಮ್ಮನಿರದೆ ನಾನು ಬಾಯಿ ಹಾಕಿದೆ. "ಮೇಡಂ, ನನಗೆ ಅದೇ ಕ್ಲಿನಿಕ್‌ನಲ್ಲಿ ಪೂರಾ ಗುಣ ಆಯಿತು."

"ಅದಕ್ಕೆ ಮೊದಲು ಜ್ವರ ಏನಾದರೂ ಬಂದಿತ್ತಾ?"

"ಡೆಂಗ್ಯೂ. ಜುಲೈಯಲ್ಲಿ."

ಅವರು ಬೆರಳು ಮಡಚಿದರು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. "ಅಕ್ಟೋಬರ್‌ನಲ್ಲಿ ಉದುರಲು ಶುರು ಆಯಿತಾ?" ನಾನು ಹೇಳಿರಲೇ ಇಲ್ಲ. ಹೌದು ಎಂದೆ. ಮತ್ತೆ ಬೆರಳು ಮಡಚಿದರು. "ಫೆಬ್ರವರಿ, ಮಾರ್ಚ್‌ಗೆ ನಿಂತಿತಲ್ವಾ? ಅದು ನಿಲ್ಲಬೇಕಾದ್ದೇ."

ಜೋರು ಜ್ವರ ಬಂದಾಗ ತುಂಬಾ ಕೂದಲು ಒಟ್ಟಿಗೇ ಬೆಳೆಯುವುದು ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತದಂತೆ, ಎರಡು ಮೂರು ತಿಂಗಳ ಮೇಲೆ ಎಲ್ಲ ಒಟ್ಟಿಗೇ ಉದುರುತ್ತದಂತೆ. ಟೆಲೋಜನ್ ಎಫ್ಲುವಿಯಂ ಅಂತ ಹೆಸರು. ಬಾಣಂತಿಯರಿಗೂ ಆಗುತ್ತದೆ, ಟೈಫಾಯ್ಡ್ ಆದವರಿಗೂ, ಊಟ ಬಿಟ್ಟು ಡಯಟ್ ಮಾಡಿದವರಿಗೂ. ಹೆಚ್ಚಿನವರಿಗೆ ಸುಮಾರು ಆರು ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಬೇರು ಸತ್ತಿರಲೇ ಇಲ್ಲ ಮಾರಾಯ್ರೆ! ಆರು ತಿಂಗಳು ಬಿಟ್ಟರೆ ಮುಗಿಯಿತು ಅಂದಿದ್ದಳಲ್ಲ ಆ ಹುಡುಗಿ, ಆರು ತಿಂಗಳು ಬಿಟ್ಟಿದ್ದರೆ ಸಾಕಿತ್ತು. ಗೆಳತಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಮಾರನೇ ದಿನ ಕ್ಲಿನಿಕ್‌ಗೆ ಫೋನ್ ಮಾಡಿದೆ.

"ಮೇಡಂ, ನಿಮಗೆ ಕೂದಲು ಬಂತಾ ಇಲ್ವಾ?"

"ಬಂತು, ಆದರೆ..."

"ಬಂದಿದೆಯಲ್ಲ, ಮತ್ತೆ ಎಂಥ ಕಂಪ್ಲೇಂಟ್?"

ಗೆಳತಿಗೆ ಬರಲಿಲ್ಲವಲ್ಲ ಎಂದೆ. "ಅವರದ್ದು ಬಾಡಿ ರೆಸ್ಪಾನ್ಸ್ ಬೇರೆ ಮೇಡಂ, ಇನ್ನೂ ನಾಲ್ಕು ಸಿಟ್ಟಿಂಗ್ ಬೇಕಾಗ್ತದೆ." ಬಂದರೆ ಅವರ ಚಿಕಿತ್ಸೆ, ಬಾರದಿದ್ದರೆ ನಮ್ಮ ಬಾಡಿ. ಪರೀಕ್ಷೆ ಮಾಡಿದ ಡಾಕ್ಟರ್ ಯಾರು ಎಂದರೆ "ನಮ್ಮ ಟ್ರೈಕಾಲಜಿಸ್ಟ್", ಅಂದರೆ ಕೂದಲಿನ ತಜ್ಞರಂತೆ. ಅವರು ಎಂಬಿಬಿಎಸ್ಸಾ ಎಂದರೆ "ಸೀನಿಯರ್ ಕಾಲ್ ಮಾಡ್ತಾರೆ". ಸೀನಿಯರ್ ಇವತ್ತಿನವರೆಗೆ ಕಾಲ್ ಮಾಡಿಲ್ಲ. ನನ್ನ ಫೋಟೋ ಮಾತ್ರ ಅವರ ಜಾಹೀರಾತಿನಲ್ಲಿ ಓಡಾಡುತ್ತಾ ಉಂಟು, ತೆಗೆಯಿರಿ ಎಂದರೆ ಫಾರ್ಮ್‌ನಲ್ಲಿ ಸಹಿ ಹಾಕಿದ್ದೀರಿ ಅಂತಾರೆ. ಹಾಕಿದ್ದೇನೆ. ಓದದೆ ಹಾಕಿದ್ದೇನೆ.

ಪಿಆರ್‌ಪಿಯೇ ಮೋಸ ಅಂತ ನಾನು ಹೇಳುತ್ತಿಲ್ಲ. ಕೆಲವು ಪ್ಯಾಟರ್ನ್ ಕೇಸುಗಳಲ್ಲಿ ಔಷಧದ ಜೊತೆ ಕೊಡುತ್ತಾರೆ ಎಂದು ಆ ಡಾಕ್ಟರೇ ಹೇಳಿದರು, ನನಗೆ ಅದು ಬೇಕಿರಲಿಲ್ಲ ಅಷ್ಟೇ. ಕೂದಲು ಉದುರಿದರೆ ಹಿಂದಿನ ಮೂರು ತಿಂಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ನಾಣ್ಯದಷ್ಟು ದುಂಡಗೆ ಒಂದೇ ಕಡೆ ಬೋಳಾಗಿದ್ದರೆ ಅದರ ಕಾರಣವೂ ಬೇರೆ, ಔಷಧವೂ ಬೇರೆ, ಈರುಳ್ಳಿ ರಸ ತಿಕ್ಕುತ್ತಾ ಕೂರದೆ ಚರ್ಮದ ಡಾಕ್ಟರಿಗೆ ತೋರಿಸಿ. ಕ್ಲಿನಿಕ್‌ನ ಗೋಡೆಯಲ್ಲಿ ಕೆಪಿಎಂಇ ಸರ್ಟಿಫಿಕೇಟ್, ಅಂದರೆ ಖಾಸಗಿ ಕ್ಲಿನಿಕ್‌ಗಳಿಗೆ ಸರ್ಕಾರದ ನೋಂದಣಿ ಪತ್ರ, ಉಂಟಾ ನೋಡಿ. ಜ್ವರದ ಬಗ್ಗೆ ಕೇಳುವ ಮೊದಲು ಬ್ಯಾಂಕಿನ ಬಗ್ಗೆ ಕೇಳಿದರೆ ಎದ್ದು ಬನ್ನಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ನೋಡುವ.

ಐದು ಸ್ಟಾರ್ ಅಳಿಸಿದೆ. ಗೆಳತಿ ಮಾತಾಡುತ್ತಾಳೆ, ಅವಳ ಅಕ್ಕ ಮಾತಾಡುವುದಿಲ್ಲ. ನಿನ್ನೆ ಕ್ಲಿನಿಕ್‌ನಿಂದ ಮೆಸೇಜ್ ಬಂತು. ಇಬ್ಬರನ್ನು ಕಳಿಸಿಕೊಟ್ಟದ್ದಕ್ಕೆ ಧನ್ಯವಾದ, ನಿಮಗೆ ಒಂದು ಸಿಟ್ಟಿಂಗ್ ಫ್ರೀ, ಈ ತಿಂಗಳ ಕೊನೆಯವರೆಗೆ ಮಾತ್ರ.